ಬೀಗದ ಕೈ ಎದುರು ಮನೆಯಲ್ಲಿದೆ

ಇಂಗ್ಲೆಂಡಿನ ಉತ್ತರಕ್ಕೆ, ಡರ್ಹಮ್ ಕೌಂಟಿಯಲ್ಲಿ ಎಸ್ಕಾಂಬ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಚರ್ಚಿಗೆ ಬೀಗ ಹಾಕಿದ್ದರೆ ಗಾಬರಿ ಬೀಳಬೇಕಿಲ್ಲ. ಎದುರಿನ ಮನೆಯೊಂದರ ಹೊರಗೋಡೆಯಲ್ಲಿ, ಬಾಗಿಲ ಪಕ್ಕದ ಕೊಕ್ಕೆಗೆ ಕೀಲಿ ನೇತುಹಾಕಿರುತ್ತಾರೆ. ಯಾರನ್ನೂ ಕೇಳಬೇಕಿಲ್ಲ. ತೆಗೆದುಕೊಂಡು ಹೋಗಿ, ನೋಡಿ, ತಂದು ಅದೇ ಕೊಕ್ಕೆಗೆ ಸಿಕ್ಕಿಸಿದರೆ ಆಯಿತು.

ನಾನು ಮೊದಲ ಸಲ ಆ ಕೀಲಿ ಕೈಗೆತ್ತಿಕೊಂಡಾಗ ಕಳ್ಳನ ಹಾಗೆ ಅತ್ತಿತ್ತ ನೋಡಿದ್ದೆ. ಯಾರೂ ಕಿಟಕಿಯಿಂದ ಇಣುಕಲಿಲ್ಲ. ಆ ಕೀಲಿ ತೆರೆಯುವ ಕಟ್ಟಡಕ್ಕೆ 1,300 ವರ್ಷ ದಾಟಿದೆ. ಕ್ರಿ.ಶ. 675ರ ಆಸುಪಾಸಿನಲ್ಲಿ ಕಟ್ಟಿದ್ದು. ಅಷ್ಟು ಹಳೆಯ ಗೋಡೆಯನ್ನು ಬೇರೆ ಎಲ್ಲಾದರೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಟಿಕೆಟ್ ಹರಿಯುತ್ತಿದ್ದರು. ಇಲ್ಲಿ ಸುತ್ತಲೂ ಬಳೆಯ ಹಾಗೆ ಸಾದಾ ಮನೆಗಳು, ನಿಲ್ಲಿಸಿದ ಕಾರುಗಳು, ಒಣಹಾಕಿದ ಬಟ್ಟೆ. ನಡುವೆ ದುಂಡನೆಯ ಸಮಾಧಿ ಅಂಗಳ. ಅದರ ನಡುವೆ ಕಿರಿದಾಗಿ, ಎತ್ತರವಾಗಿ, ಯಾರ ಗೊಡವೆಯೂ ಇಲ್ಲದೆ ನಿಂತ ಚರ್ಚು.

ಅದರ ಕಲ್ಲುಗಳು ಅದರದ್ದಲ್ಲ. ಹತ್ತಿರದ ಬಿಂಚೆಸ್ಟರ್ ಎಂಬಲ್ಲಿ ರೋಮನ್ನರ ಕೋಟೆಯೊಂದು ಪಾಳುಬಿದ್ದಿತ್ತು. ಅಲ್ಲಿಂದ ಹೊತ್ತು ತಂದ ಕಲ್ಲುಗಳವು. ಉತ್ತರದ ಗೋಡೆಯಲ್ಲಿ ಒಂದು ಕಲ್ಲಿನ ಮೇಲೆ ರೋಮನ್ ಅಕ್ಷರ ಕೆತ್ತಿದ್ದಾರೆ: ಆರನೇ ಲೀಜನ್, ಅಂದರೆ ರೋಮನ್ ಸೇನೆಯ ಆರನೇ ದಳದ ಗುರುತು. ಆ ಕಲ್ಲನ್ನು ತಲೆಕೆಳಗಾಗಿ ಕೂರಿಸಿದ್ದಾರೆ. ಕಟ್ಟಿದವನಿಗೆ ಓದಲು ಬರುತ್ತಿರಲಿಲ್ಲವೋ, ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೋ. ಕಲ್ಲು ಚೌಕವಾಗಿದೆ, ಸಂದಿಗೆ ಸರಿಹೋಗುತ್ತದೆ, ಮುಗೀತು. ಒಂದು ಸಾಮ್ರಾಜ್ಯದ ಹೆಸರು ಅವನಿಗೆ ಬರೀ ಅಳತೆಗೆ ಕೂತ ಕಲ್ಲು.

ಆ ತಲೆಕೆಳಗಾದ ಕಲ್ಲಿನ ಎದುರು ನಿಂತ ಮೇಲೆ ನನಗೆ ಹಳ್ಳಿ ಚರ್ಚುಗಳ ಹುಚ್ಚು ಹಿಡಿಯಿತು ಅಂತ ಹೇಳಬಹುದು.

ನಾನು ಕ್ರೈಸ್ತನಲ್ಲ. ಪ್ರಾರ್ಥನೆಗೆ ಹೋಗುವವನೂ ಅಲ್ಲ. ಕೆಲಸದ ನಿಮಿತ್ತ ಈ ದೇಶಕ್ಕೆ ಬಂದವನು, ವಾರಾಂತ್ಯದಲ್ಲಿ ಸುಮ್ನೆ ಸುತ್ತುವ ಚಾಳಿಯವನು. ಮೊದಲೆರಡು ವರ್ಷ ಚರ್ಚುಗಳನ್ನು ನೋಡಿದ್ದೇನೋ ಹೌದು, ಏನೂ ಕಂಡಿರಲಿಲ್ಲ. ಒಳಗೆ ಹೋಗುವುದು, ಬಣ್ಣದ ಗಾಜಿನ ಕಿಟಕಿಗೆ ಒಂದು ಫೋಟೊ, ಮಾಡಿಗೆ ಒಂದು ಫೋಟೊ, ಹತ್ತು ನಿಮಿಷದಲ್ಲಿ ಹೊರಗೆ. ಎಲ್ಲ ಒಂದೇ ಥರ ಅನ್ನಿಸುತ್ತಿತ್ತು. ಅದೇ ಮೇಣದ ಬತ್ತಿಯ ವಾಸನೆ, ಮರಕ್ಕೆ ಹಚ್ಚಿದ ಪಾಲಿಶ್, ಒದ್ದೆ ಕಲ್ಲಿನ ತಂಪು, ಹಳೇ ಪ್ರಾರ್ಥನಾ ಪುಸ್ತಕಗಳ ಮುಗ್ಗಲು. ಆಮೇಲೆ ಗೊತ್ತಾಯಿತು, ನಾನು ನೋಡುತ್ತಿದ್ದದ್ದು ಅವರು ತೋರಿಸಬೇಕು ಅಂತ ಇಟ್ಟಿದ್ದನ್ನು. ನೋಡಬೇಕಾದ್ದು ಅವರು ಮರೆತು ಬಿಟ್ಟಿದ್ದನ್ನು.

ಸಫಕ್ ಕೌಂಟಿಯ ವೆನ್ಹಾಸ್ಟನ್ ಹಳ್ಳಿಯ ಕಥೆ ಕೇಳಿ. ಅಲ್ಲಿನ ಸೇಂಟ್ ಪೀಟರ್ ಚರ್ಚಿನಲ್ಲಿ, ಜನ ಕೂರುವ ಜಾಗಕ್ಕೂ ಪೂಜಾಪೀಠಕ್ಕೂ ನಡುವಿನ ಕಮಾನಿನ ಮೇಲ್ಭಾಗವನ್ನು ಮರದ ಹಲಗೆಗಳಿಂದ ಮುಚ್ಚಿದ್ದರು. ಬಿಳಿ ಸುಣ್ಣ ಬಳಿದ ಹಲಗೆ. 1892ರಲ್ಲಿ ಚರ್ಚಿನ ರಿಪೇರಿ ನಡೆಯಿತು. ಈ ಹಳೇ ಹಲಗೆಗಳು ಯಾಕೆ ಅಂತ ಕಿತ್ತು ಹೊರಗೆ ಸಮಾಧಿಗಳ ಅಂಗಳದಲ್ಲಿ ಹಾಕಿದರು. ಆ ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಸುಣ್ಣ ತೊಳೆದುಹೋಗಿತ್ತು, ಹಲಗೆಗಳಿಂದ ಮುಖಗಳು ಹೊರಬಂದಿದ್ದವು.

ಅದು ಕೊನೆಯ ತೀರ್ಪಿನ ಚಿತ್ರ, ಅಂದರೆ ಲೋಕದ ಕೊನೆಯಲ್ಲಿ ದೇವರು ಎಲ್ಲರ ಪಾಪಪುಣ್ಯ ನೋಡುವ ದಿನದ್ದು. 1500ರ ಆಸುಪಾಸಿನದು. ದೇವದೂತ ಮೈಕಲ್ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿದ್ದಾನೆ. ಪಕ್ಕದಲ್ಲಿ ದೆವ್ವ ನಿಂತು ತನ್ನ ಪಾಲಿಗೆ ವಾದ ಮಾಡುತ್ತಿದೆ. ಬಲಗಡೆ ನರಕ, ದೊಡ್ಡ ಮೀನಿನ ಬಾಯಿಯ ಹಾಗೆ ತೆರೆದುಕೊಂಡು ಪಾಪಿಗಳನ್ನು ನುಂಗುತ್ತಿದೆ. ಎಡಗಡೆ ಸಂತ ಪೀಟರ್ ನಾಲ್ಕು ಜನರನ್ನು ಸ್ವಾಗತಿಸುತ್ತಿದ್ದಾನೆ. ಅವರಲ್ಲಿ ರಾಜನೂ ಇದ್ದಾನೆ, ಬಿಷಪ್ಪೂ ಇದ್ದಾನೆ. ಮೈಮೇಲೆ ನೂಲೆಳೆ ಇಲ್ಲ, ತಲೆಯ ಮೇಲಿನ ಕಿರೀಟ, ಟೋಪಿಗಳು ಮಾತ್ರ ಹಾಗೇ ಇವೆ. ಸತ್ತ ಮೇಲೂ ಪದವಿ ಬಿಡಲಿಲ್ಲ ಅಂತ ಬರೆದವನು ಗೇಲಿ ಮಾಡಿದನೋ, ಯಾರು ಯಾರು ಅಂತ ಹಳ್ಳಿಯವರಿಗೆ ಗುರುತು ಸಿಗಲಿ ಅಂತ ಹಾಗೆ ಬರೆದನೋ. ನನಗೆ ಗೇಲಿಯೇ ಇರಬೇಕು ಅಂತ ಆಸೆ.

ಆದರೆ ಆ ಹಲಗೆಯಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಚಿತ್ರ ಇಲ್ಲದ ಜಾಗ. ನಡುವೆ ಶಿಲುಬೆಯ ಆಕಾರದಲ್ಲಿ ಬರೀ ಮರ. ಅದರ ಅಕ್ಕಪಕ್ಕ ನಿಂತ ಮನುಷ್ಯರ ಆಕಾರದಲ್ಲಿ ಮತ್ತೆ ಬರೀ ಮರ. ಅಲ್ಲಿ ಮರದಲ್ಲಿ ಕಡೆದ ಯೇಸು, ಮರಿಯ, ಯೋಹಾನರ ವಿಗ್ರಹಗಳಿದ್ದವು. ಬಣ್ಣ ಬಳಿದವನು ಅವುಗಳ ಸುತ್ತ ಬಳಿದಿದ್ದ. ವಿಗ್ರಹಗಳು ಹೋದವು, ಅವು ನಿಂತಿದ್ದ ಖಾಲಿ ಜಾಗ ಉಳಿಯಿತು. ಗೋಡೆಯಿಂದ ಹಳೇ ಕ್ಯಾಲೆಂಡರ್ ತೆಗೆದಾಗ ಉಳಿಯುತ್ತದಲ್ವಾ, ಹಾಗೆ.

ಆ ವಿಗ್ರಹಗಳನ್ನು ತೆಗೆಸಿದ್ದು ಸರ್ಕಾರದ ಆಜ್ಞೆ. ಎಂಟನೇ ಹೆನ್ರಿ ರೋಮಿನ ಪೋಪ್ ಜೊತೆ ಸಂಬಂಧ ಕಡಿದುಕೊಂಡ. ಅವನ ಮಗ ಆರನೇ ಎಡ್ವರ್ಡ್ 1547ರಲ್ಲಿ ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ. ಅವನ ಹೆಸರಲ್ಲಿ ಆಳಿದವರು ಚರ್ಚುಗಳಲ್ಲಿ ಚಿತ್ರ, ವಿಗ್ರಹ ಏನೂ ಇರಕೂಡದು ಅಂದರು. ಹಳ್ಳಿಯವರು ಏನು ಮಾಡಬೇಕು? ಚಿತ್ರವನ್ನು ಕೆರೆದು ತೆಗೆಯುವುದು ದೊಡ್ಡ ಕೆಲಸ. ಸುಣ್ಣ ಅಗ್ಗ. ಬಕೆಟ್ಟಿನಲ್ಲಿ ಕಲಸಿ ಎರಡು ಕೋಟ್ ಹೊಡೆದರೆ ಆಜ್ಞೆ ಪಾಲಿಸಿದ ಹಾಗಾಯಿತು. ಆ ಸೋಮಾರಿತನ ನಮ್ಮ ಪುಣ್ಯ. ಸುಣ್ಣ ಒಳಗಿನ ಬಣ್ಣವನ್ನು ಬಿಸಿಲು, ಹೊಗೆ, ಕೈಗಳಿಂದ ಮುನ್ನೂರು ವರ್ಷ ಕಾಪಾಡಿತು. ಆಮೇಲೆ ವಿಕ್ಟೋರಿಯಾ ರಾಣಿಯ ಕಾಲದವರು ಬಂದರು. ಅವರಿಗೆ ಹಳೆಯದರ ಮೇಲೆ ಬಹಳ ಪ್ರೀತಿ. ಪ್ರೀತಿಯಿಂದಲೇ ಗಾರೆಯನ್ನೆಲ್ಲ ಕೆತ್ತಿ ಕಲ್ಲು ಕಾಣುವ ಹಾಗೆ ಮಾಡಿದರು. ಗಾರೆಯ ಜೊತೆ ಚಿತ್ರಗಳೂ ಉದುರಿದವು. ದ್ವೇಷಿಸಿದವರಿಂದ ಉಳಿದದ್ದು ಪ್ರೀತಿಸಿದವರ ಕೈಯಲ್ಲಿ ಹೋದದ್ದನ್ನು ನಾನು ಚರ್ಚಿನಿಂದ ಚರ್ಚಿಗೆ ನೋಡುತ್ತಾ ಬಂದಿದ್ದೇನೆ.

ವೆನ್ಹಾಸ್ಟನ್ನಿನಿಂದ ಬ್ಲೈಬರ್ಗ್ ದೂರವಿಲ್ಲ. ಜೌಗು ನೆಲದ ಅಂಚಿನಲ್ಲಿ ಹಡಗು ನಿಂತ ಹಾಗೆ ಕಾಣುವ ದೊಡ್ಡ ಚರ್ಚು. ಅದರ ಮಾಡಿನ ತೊಲೆಗಳ ಮೇಲೆ ರೆಕ್ಕೆ ಬಿಚ್ಚಿದ ಮರದ ದೇವದೂತರ ಸಾಲು ಇದೆ. ಬಣ್ಣ ಮಾಸಿದೆ, ಮೂಗು ಸವೆದಿದೆ, ಆದರೂ ಮೇಲಿನಿಂದ ನೋಡುತ್ತಲೇ ಇದ್ದಾರೆ. ಆ ಮರದಲ್ಲಿ ಸೀಸದ ಗುಂಡುಗಳು ಸಿಕ್ಕಿವೆ. ಇದಕ್ಕೆ ಊರಲ್ಲಿ ಸಿದ್ಧ ಉತ್ತರವೊಂದಿತ್ತು: ವಿಲಿಯಂ ಡೌಸಿಂಗ್.

ಈ ಡೌಸಿಂಗ್ ವಿಚಿತ್ರ ಆಸಾಮಿ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ ಕಾಲ. 1643ರ ಕೊನೆಯಲ್ಲಿ ಇವನಿಗೆ ಚರ್ಚುಗಳಲ್ಲಿ ಉಳಿದಿದ್ದ ಮೂರ್ತಿ, ಚಿತ್ರಗಳನ್ನು ಒಡೆಸುವ ಅಧಿಕಾರ ಸಿಕ್ಕಿತು. ಕೇಂಬ್ರಿಜ್‌ಶೈರ್, ಸಫಕ್ ಪೂರ್ತಿ ಕುದುರೆ ಏರಿ ಸುತ್ತಿದ. ಒಂದು ವರ್ಷದೊಳಗೆ ಸುಮಾರು 250 ಚರ್ಚು. ಎಲ್ಲಿ ಎಷ್ಟು ಚಿತ್ರ ಒಡೆದೆ, ಎಷ್ಟು ದೇವದೂತರನ್ನು ಇಳಿಸಲು ಹೇಳಿದೆ ಅಂತ ದಿನಚರಿಯಲ್ಲಿ ಬರೆದಿಟ್ಟ. ಒಡೆಸಿದ್ದಕ್ಕೆ ಫೀಸು ಬೇರೆ, ಸಾಮಾನ್ಯವಾಗಿ ಆರು ಶಿಲಿಂಗ್ ಎಂಟು ಪೆನ್ಸ್, ಆ ಚರ್ಚಿನಿಂದಲೇ ವಸೂಲಿ. ತನ್ನ ಹಲ್ಲು ಕೀಳಿಸಿಕೊಂಡು ತಾನೇ ದುಡ್ಡು ಕೊಡುವ ಹಾಗೆ. ಬ್ಲೈಬರ್ಗ್‌ಗೆ ಅವನು 1644ರ ಏಪ್ರಿಲ್‌ನಲ್ಲಿ ಬಂದ. ಇಪ್ಪತ್ತು ದೇವದೂತರನ್ನು ಇಳಿಸಿ ಅಂತ ಅಪ್ಪಣೆ ಮಾಡಿ ಹೋದ.

ಇಳಿಸಬೇಕಲ್ಲ! ಮಾಡು ಅಷ್ಟೆತ್ತರದಲ್ಲಿದೆ. ಏಣಿ ಬೇಕು, ಅಟ್ಟಣೆ ಬೇಕು, ಆಳು ಬೇಕು, ದುಡ್ಡು ಬೇಕು. ಊರವರು ಹೂಂ ಅಂದಿರಬೇಕು, ಅವನ ಕುದುರೆ ಮರೆಯಾದ ಮೇಲೆ ಸುಮ್ಮನಾಗಿರಬೇಕು. ಹಾಗಾದರೆ ಗುಂಡುಗಳು? ಅವನ ಜೊತೆಗಿದ್ದ ಸೈನಿಕರು ಕೆಳಗಿನಿಂದ ಹೊಡೆದರು ಅಂತ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು. ಇಪ್ಪತ್ತನೇ ಶತಮಾನದಲ್ಲಿ ಮಾಡಿನ ಕೆಲಸ ಮಾಡುವಾಗ ಪರೀಕ್ಷಿಸಿದರೆ ಅದು ಆ ಕಾಲದ ಗುಂಡೇ ಅಲ್ಲ, ನೂರು ವರ್ಷ ಈಚಿನದು. ಚರ್ಚಿನ ಹಳೇ ಲೆಕ್ಕದ ಪುಸ್ತಕದಲ್ಲಿ ಉತ್ತರ ಇತ್ತು. 1761ರಲ್ಲಿ ಮದ್ದುಗುಂಡಿಗೆ ಖರ್ಚು ಬಿದ್ದಿದೆ. ಯಾಕೆ? ಮಾಡಿನೊಳಗೆ ಸೇರಿಕೊಂಡಿದ್ದ ಜ್ಯಾಕ್‌ಡಾಗಳನ್ನು ಹೊಡೆಯಲು. ಜ್ಯಾಕ್‌ಡಾ ಅಂದರೆ ಕಾಗೆಯ ಜಾತಿಯ ಸಣ್ಣ ಹಕ್ಕಿ. ಧರ್ಮಯುದ್ಧ ಅಂದುಕೊಂಡಿದ್ದದ್ದು ಕಾಗೆ ಓಡಿಸುವ ಕೆಲಸ.

ಅದೇ ಚರ್ಚಿನ ಉತ್ತರದ ಬಾಗಿಲಲ್ಲಿ ಸುಟ್ಟ ಗುರುತುಗಳಿವೆ. 1577ರ ಆಗಸ್ಟ್ 4ರಂದು ಬಿರುಗಾಳಿಯ ನಡುವೆ ಕಪ್ಪು ನಾಯಿಯ ರೂಪದಲ್ಲಿ ಸೈತಾನ ಒಳಗೆ ನುಗ್ಗಿ ಇಬ್ಬರನ್ನು ಕೊಂದ, ಅವನ ಉಗುರಿನ ಗುರುತು ಇದು ಅಂತ ಕಥೆ. ಗೋಪುರಕ್ಕೆ ಸಿಡಿಲು ಹೊಡೆದಿರಬೇಕು ಅಂತ ಈಗಿನವರ ಊಹೆ. ನಾನು ಬೆರಳು ಇಟ್ಟು ನೋಡಿದೆ. ನಾಯಿಯ ಉಗುರಿಗೆ ಸ್ವಲ್ಪ ಜಾಸ್ತಿಯೇ ದೊಡ್ಡದು. ಆದರೂ ಸಂಜೆ ಹೊತ್ತಿನಲ್ಲಿ ಒಬ್ಬನೇ ಇದ್ದೆನಲ್ಲ, ಬೆರಳು ಬೇಗ ತೆಗೆದೆ.

ಈಗ ಆಶ್‌ವೆಲ್. ಒಂದೇ ಒಂದು ಹಳ್ಳಿ ಚರ್ಚು ನೋಡುವಷ್ಟು ಸಮಯ ಇದೆ ಅಂತ ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ಇದು.

ಹರ್ಟ್‌ಫರ್ಡ್‌ಶೈರಿನ ಈ ಊರಿನ ಸೇಂಟ್ ಮೇರಿ ಚರ್ಚನ್ನು ಕ್ಲಂಚ್ ಎಂಬ ಸುಣ್ಣಕಲ್ಲಿನಿಂದ ಕಟ್ಟಿದ್ದಾರೆ. ಮೆತ್ತನೆಯ ಕಲ್ಲು. ಉಗುರಲ್ಲಿ ಒತ್ತಿದರೂ ಗುರುತು ಬೀಳಬಹುದು ಅನ್ನಿಸುತ್ತದೆ. ಒಳಗೆ ಹೋದರೆ ಬಿಳಿ ಬೆಳಕು ತುಂಬಿದ ದೊಡ್ಡ ಹಜಾರ, ಅಷ್ಟೇ. ಕಂಬಗಳು ಖಾಲಿ. ಗೋಡೆಗಳು ಖಾಲಿ. ಒಂದು ಟಾರ್ಚ್ ತೆಗೆಯಿರಿ. ನೇರವಾಗಿ ಹಿಡಿಯಬೇಡಿ. ಗೋಡೆಗೆ ಆನಿಸಿ, ಬೆಳಕು ಓರೆಯಾಗಿ ಹರಿಯುವ ಹಾಗೆ ಹಿಡಿಯಿರಿ. ಖಾಲಿ ಕಲ್ಲಿನ ಮೇಲೆ ಗೀರುಗಳು ಏಳುತ್ತವೆ. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಎಣಿಸಲಾರದಷ್ಟು.

ಗೋಪುರದ ಬುಡದಲ್ಲಿ ಒಳಗಡೆ, ಉತ್ತರದ ಗೋಡೆಯ ಮೇಲೆ, ಕೆಲವು ಸಾಲು ಲ್ಯಾಟಿನ್ ಇದೆ. 1348ರಲ್ಲಿ ಪ್ಲೇಗ್ ಇಂಗ್ಲೆಂಡಿಗೆ ಕಾಲಿಟ್ಟಿತು. ಎರಡು ವರ್ಷ ಮುಗಿಯುವ ಹೊತ್ತಿಗೆ ದೇಶದ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಸತ್ತುಹೋಗಿದ್ದರು. ಗೋಡೆಯ ಮೇಲಿನ ಬರಹದಲ್ಲಿ 1350 ಅನ್ನುವ ವರ್ಷ ಇದೆ. ಕರುಣಾಜನಕ, ಘೋರ, ಬುದ್ಧಿ ಕಲಕಿಹೋದ ಕಾಲ, ಸಾಕ್ಷಿ ಹೇಳಲು ಉಳಿದಿರುವುದು ಜನರ ಗಸಿ ಮಾತ್ರ, ಹೀಗೆ ಅದರ ಅರ್ಥ. ಗಸಿ. ಪಾತ್ರೆಯ ತಳದಲ್ಲಿ ಉಳಿಯುತ್ತದಲ್ಲ, ಅದು. ಬರೆದವನು ತನ್ನನ್ನೂ ಸೇರಿಸಿಕೊಂಡು ಹಾಗೆ ಬರೆದಿದ್ದಾನೆ. ಕೊನೆಗೆ 1361ರಲ್ಲಿ ಸಂತ ಮಾರಸ್‌ನ ಹಬ್ಬದ ದಿನ ಭಾರೀ ಗಾಳಿ ಲೋಕವನ್ನೆಲ್ಲ ಗುಡುಗಿಸಿತು ಅಂತ ಇದೆ. ಆಗ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್‌ನಲ್ಲಿ. ಹಾಗಾಗಿ ನಮ್ಮ ಲೆಕ್ಕಕ್ಕೆ ಅದು 1362ರ ಜನವರಿ 15. ಆ ಬಿರುಗಾಳಿಯ ಸುದ್ದಿ ಬೇರೆ ಕಡೆಯ ದಾಖಲೆಗಳಲ್ಲೂ ಇದೆ. ಉತ್ತರ ಸಮುದ್ರದ ದಡದಲ್ಲಿ ಊರಿಗೆ ಊರೇ ಮುಳುಗಿಸಿದ ಗಾಳಿ ಅದು.

ಅಕ್ಷರಗಳ ಗಾತ್ರ ನೋಡಿದರೆ ಗಂಟಲು ಕಟ್ಟುತ್ತದೆ. ಸಣ್ಣವು, ಆದರೆ ಗಡಿಬಿಡಿಯಲ್ಲಿ ಗೀಚಿದವಲ್ಲ. ಚೂಪಾದ ಏನನ್ನೋ ಹಿಡಿದು, ನಿಂತು, ಒಂದೊಂದಾಗಿ ಕೊರೆದಿದ್ದಾನೆ. ಲ್ಯಾಟಿನ್ ಬಲ್ಲವನು, ಅಂದರೆ ಪಾದ್ರಿಯೋ ಗುಮಾಸ್ತನೋ ಇರಬೇಕು. ಕಾಗದ ಇರಲಿಲ್ಲವಾ ಅಂತ ನಾನು ಯೋಚಿಸಿದ್ದೆ. ಚರ್ಮದ ಹಾಳೆಯಂತೂ ಇದ್ದೇ ಇತ್ತು. ಆದರೆ ಊರೇ ಹೋಗುವಾಗ ಹಾಳೆ ಯಾರ ಕೈಯಲ್ಲಿ ಉಳಿಯುತ್ತದೆ? ಗೋಡೆ ಉಳಿಯುತ್ತದೆ ಅಂತ ಅವನಿಗೆ ಅನ್ನಿಸಿರಬೇಕು.

ಅದೇ ಗೋಪುರದಲ್ಲಿ ಇನ್ನೊಬ್ಬ ದೊಡ್ಡದೊಂದು ಚರ್ಚಿನ ಚಿತ್ರ ಕೊರೆದಿದ್ದಾನೆ. ಲಂಡನ್ನಿನ ಹಳೇ ಸೇಂಟ್ ಪಾಲ್ಸ್ ಕೆಥೆಡ್ರಲ್ ಇರಬೇಕು ಅಂತಾರೆ, 1666ರ ಬೆಂಕಿಯಲ್ಲಿ ಸುಟ್ಟುಹೋದದ್ದು. ಮತ್ತೊಂದು ಕಡೆ ಒಬ್ಬ ಕೆಲಸಗಾರನ ಸಿಟ್ಟು ಲ್ಯಾಟಿನ್ನಿನಲ್ಲೇ ಇದೆ: ಮೂಲೆಗಳು ಸರಿಯಾಗಿ ಕೂಡಿಲ್ಲ, ಥೂ ಅಂತ ಉಗಿಯುತ್ತೇನೆ, ಎಂಬ ಅರ್ಥದ್ದು. ಪ್ಲೇಗಿನ ಬರಹ ಓದಿ ಕಣ್ಣು ಒದ್ದೆಯಾದವನು ಇದನ್ನು ಓದಿ ಒಬ್ಬನೇ ನಕ್ಕೆ. ಏಳು ನೂರು ವರ್ಷದ ಹತ್ತಿರ ಆಯಿತು, ಕಂಟ್ರಾಕ್ಟರ್ ಕೆಲಸದ ಮೇಲೆ ಜನರ ಅಭಿಪ್ರಾಯ ಬದಲಾಗಿಲ್ಲ.

ಈ ಗೀಚುಗಳನ್ನು ಬಹಳ ಕಾಲ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. 2010ರಲ್ಲಿ ನಾರ್ಫಕ್ ಕೌಂಟಿಯಲ್ಲಿ ಮ್ಯಾಥ್ಯೂ ಚಾಂಪಿಯನ್ ಅನ್ನುವವರು ಸ್ವಯಂಸೇವಕರನ್ನು ಕಟ್ಟಿಕೊಂಡು ಚರ್ಚಿನಿಂದ ಚರ್ಚಿಗೆ ಟಾರ್ಚ್ ಹಿಡಿದು ಹೊರಟರು. ಎಲ್ಲೆಲ್ಲೂ ಸಿಕ್ಕವು. ಕೈವಾರದಿಂದ ಎಳೆದ ಆರು ಎಸಳಿನ ಹೂವು, ಕೆಟ್ಟದ್ದನ್ನು ದೂರ ಇಡಲು ಅಂತ ಊಹೆ. ಕೈಯ ಸುತ್ತ ಗೆರೆ ಎಳೆದ ಗುರುತು. ಕರಾವಳಿಯ ಬ್ಲೇಕ್ನಿ ಚರ್ಚಿನಲ್ಲಿ ಕಂಬದ ಮೇಲೆ ಹಡಗುಗಳ ಗುಂಪು. ಸಮುದ್ರಕ್ಕೆ ಹೋದವರು ವಾಪಸ್ ಬರಲಿ ಅಂತ ಬೇಡಿಕೊಂಡು ಕೊರೆದವು ಇರಬಹುದು. ಬಂದದ್ದಕ್ಕೆ ಕೃತಜ್ಞತೆಯೂ ಇರಬಹುದು. ಅಮೃತಶಿಲೆಯ ಸಮಾಧಿಗಳಲ್ಲಿ ಜಮೀನ್ದಾರರ ಹೆಸರು, ಪದವಿ, ಹೆಂಡತಿಯ ತವರು ಎಲ್ಲ ಇರುತ್ತವೆ. ದನ ಕಾಯುವವನ, ದೋಣಿ ನಡೆಸುವವನ ಹೆಸರು ಎಲ್ಲೂ ಇಲ್ಲ. ಇರುವುದು ಈ ಗೀರು. ಅದಕ್ಕೇ ಈಗ ನಾನು ಮೊದಲು ಕಂಬದ ಹತ್ತಿರ ಹೋಗುತ್ತೇನೆ, ಕಿಟಕಿ ಆಮೇಲೆ.

ಹೊರಗೂ ಒಂದು ಸುತ್ತು ಬರಬೇಕು. ದಕ್ಷಿಣದ ಗೋಡೆಯಲ್ಲಿ, ಬಾಗಿಲ ಆಸುಪಾಸು, ಎದೆಯ ಎತ್ತರದಲ್ಲಿ ಒಂದು ತೂತು ಮತ್ತು ಅದರಿಂದ ಕೆಳಗೆ ಹರಡಿದ ಗೆರೆಗಳು ಕಂಡರೆ ಅದು ನೆರಳಿನ ಗಡಿಯಾರ. ತೂತಿಗೆ ಕಡ್ಡಿ ಸಿಕ್ಕಿಸಿ ಪೂಜೆಯ ಹೊತ್ತು ನೋಡುತ್ತಿದ್ದರು. ಅಂಗಳದ ಯೂ ಮರಗಳನ್ನೂ ಬಿಡಬೇಡಿ. ಎಷ್ಟೋ ಕಡೆ ಮರ ಚರ್ಚಿಗಿಂತ ಹಳೆಯದು. ಸರ್ರೆಯ ಕ್ರೋಹರ್ಸ್ಟ್‌ನಲ್ಲಿ ಅಂಥ ಮರದ ಪೊಳ್ಳು ಕಾಂಡಕ್ಕೆ ಬಾಗಿಲನ್ನೇ ಇಟ್ಟಿದ್ದಾರೆ. 1820ರಲ್ಲಿ ಒಳಗೆ ಕೆತ್ತುವಾಗ ಮರದೊಳಗೆ ಫಿರಂಗಿ ಗುಂಡು ಸಿಕ್ಕಿತಂತೆ. ಮರ ಅದನ್ನು ನುಂಗಿ, ಸುತ್ತ ಬೆಳೆದು, ಸುಮ್ಮನಿತ್ತು.

ನಾರ್ಫಕ್‌ನಲ್ಲೇ ಸ್ವಾಫಮ್ ಹತ್ತಿರ ಹೌಟನ್ ಅನ್ನುವ ಜಾಗ ಇದೆ. ಹಳ್ಳಿ ಹೋಗಿ ಚರ್ಚು ಮಾತ್ರ ಉಳಿದಿದೆ. 1992ರಲ್ಲಿ ಅದು ಬಳ್ಳಿಯಲ್ಲಿ ಮುಳುಗಿ, ಮಾಡು ಬಿದ್ದು, ಯಾರೋ ಮಾಟದವರು ರಾತ್ರಿ ಸೇರುವ ಅಡ್ಡೆಯಾಗಿತ್ತು. ಬಾಬ್ ಡೇವಿ ಎಂಬ ನಿವೃತ್ತರ ಹೆಂಡತಿ ಗ್ಲೋರಿಯಾ ನಡಿಗೆಗೆ ಹೋದಾಗ ಅದನ್ನು ಕಂಡು ಬಂದು ಗಂಡನಿಗೆ ಹೇಳಿದರು. ಆ ಮನುಷ್ಯ ಆಮೇಲೆ ಉಳಿದ ಆಯಸ್ಸನ್ನೆಲ್ಲ ಅಲ್ಲೇ ಕಳೆದರು. ಬಳ್ಳಿ ಕಡಿದರು, ಮಾಟದವರನ್ನು ಓಡಿಸಿದರು, ಮಾಡು ಹಾಕಿಸಿದರು. ಗಾರೆ ಉದುರಿದಾಗ ಹಿಂದೆ ಚಿತ್ರ ಕಂಡಿತು. ಸುಮಾರು 1090ರದು. ಇಡೀ ದೇಶದಲ್ಲೇ ಅಷ್ಟು ಹಳೆಯ ಗೋಡೆ ಚಿತ್ರ ಬಹಳ ಅಪರೂಪ. ಊರು ಶ್ರೀಮಂತವಾಗಿದ್ದರೆ ಆ ಗೋಡೆಯನ್ನು ಎಂದೋ ಕೆಡವಿ ದೊಡ್ಡದು ಕಟ್ಟುತ್ತಿದ್ದರು. ದುಡ್ಡಿಲ್ಲದ ಊರು, ಜನ ಬಿಟ್ಟ ಊರು, ಹಾಗಾಗಿ ಉಳಿಯಿತು. ಬಾಬ್ ಡೇವಿ 2021ರಲ್ಲಿ ತೀರಿಕೊಂಡರು.

ಎಸೆಕ್ಸ್‌ನ ಬ್ರಾಡ್‌ವೆಲ್‌ನದೂ ಇದೇ ಪಾಡು. ಸಮುದ್ರದ ಅಂಚಿನಲ್ಲಿ ಒಂಟಿಯಾಗಿ ನಿಂತ ಸೇಂಟ್ ಪೀಟರ್ ಚಾಪೆಲ್. ಸಂತ ಸೆಡ್ ಕ್ರಿ.ಶ. 654ರ ಸುಮಾರಿಗೆ ಕಟ್ಟಿಸಿದ್ದು, ಅದೂ ರೋಮನ್ ಕೋಟೆಯ ಕಲ್ಲು ಇಟ್ಟಿಗೆಯಿಂದಲೇ. ಆಮೇಲೆ ಅದು ರೈತನ ಕಣಜವಾಯಿತು. ಗಾಡಿ ಹೋಗಲು ಗೋಡೆ ಒಡೆದಿದ್ದರು, ಆ ತೇಪೆ ಈಗಲೂ ಕಾಣುತ್ತದೆ. 1920ರಲ್ಲಿ ಮತ್ತೆ ಚಾಪೆಲ್ ಆಯಿತು. ಹುಲ್ಲು ತುಂಬಿಡಲು ಮಾಡು ಬೇಕಿತ್ತು, ಅದಕ್ಕೆ ಮಾಡು ಉಳಿಸಿಕೊಂಡರು.

ಚಾಪೆಲ್ ಅಂದೆ. ಈ ಪದಕ್ಕೆ ಇಲ್ಲಿ ಇನ್ನೊಂದು ಅರ್ಥ ಇದೆ, ವೇಲ್ಸ್‌ನಲ್ಲಂತೂ ಅದೇ ಮುಖ್ಯ ಅರ್ಥ. ಸರ್ಕಾರಿ ಚರ್ಚಿಗೆ ಸೇರದ, ತಮ್ಮದೇ ರೀತಿಯಲ್ಲಿ ಪ್ರಾರ್ಥಿಸುವವರ ಮನೆ. ಇವರಿಗೆ ಕಷ್ಟ ಕಡಿಮೆ ಇರಲಿಲ್ಲ. 1664ರ ಕಾನೂನಿನ ಪ್ರಕಾರ ಮನೆಯವರನ್ನು ಬಿಟ್ಟು ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಬೇರೆ ರೀತಿ ಪ್ರಾರ್ಥಿಸಿದರೆ ಶಿಕ್ಷೆ. ಮರುವರ್ಷ ಇನ್ನೊಂದು ಕಾನೂನು: ಇಂಥ ಬೋಧಕರು ಪಟ್ಟಣಗಳ ಐದು ಮೈಲಿಯೊಳಗೆ ಬರಬಾರದು. ಆಗ ಏನಾಗುತ್ತದೆ? ಬೆಟ್ಟದ ಹಿಂದೆ, ಹೊಲದ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಸೇರುತ್ತಾರೆ. 1689ರಲ್ಲಿ ಕೊನೆಗೂ ಅನುಮತಿ ಸಿಕ್ಕಿತು. ಆದರೆ ಷರತ್ತುಗಳಿದ್ದವು. ಜಾಗವನ್ನು ದಾಖಲು ಮಾಡಿಸಬೇಕು. ಇನ್ನೊಂದು, ನನಗೆ ಬಹಳ ಇಷ್ಟವಾದದ್ದು: ಸಭೆ ನಡೆಯುವಾಗ ಬಾಗಿಲಿಗೆ ಬೀಗ, ಅಗುಳಿ, ಚಿಲಕ ಯಾವುದೂ ಹಾಕಬಾರದು. ಒಳಗೆ ಸಂಚು ನಡೆಯುತ್ತಿರಬಹುದು ಅಂತ ಸರ್ಕಾರಕ್ಕೆ ಭಯ. ಇಪ್ಪತ್ತೈದು ವರ್ಷ ಬಾಗಿಲು ಮುಚ್ಚಿ ಪ್ರಾರ್ಥಿಸಿದವರಿಗೆ ಬಾಗಿಲು ತೆಗೆದಿಟ್ಟು ಕೂರಲು ಎಷ್ಟು ದಿನ ಬೇಕಾಯಿತೋ.

ವೇಲ್ಸ್‌ನ ಪೋವಿಸ್ ಕೌಂಟಿಯಲ್ಲಿ, ಗ್ಲಾಸ್‌ಬರಿ ಹತ್ತಿರ, ಮೈಸಿರೋನೆನ್ ಅನ್ನುವ ಚಾಪೆಲ್ ಆ ಕಾಲದ್ದು. ಸುಮಾರು 1696ರಲ್ಲಿ ಕೊಟ್ಟಿಗೆಯನ್ನು ಬದಲಾಯಿಸಿ ಮಾಡಿದ್ದು. ದೂರದಿಂದ ಈಗಲೂ ಕೊಟ್ಟಿಗೆಯೇ. ಶಿಲುಬೆ ಇಲ್ಲ, ಗೋಪುರ ಇಲ್ಲ, ಗಂಟೆ ಇಲ್ಲ. ಒಳಗೆ ಬಣ್ಣವಿಲ್ಲದ ಗಾಜು, ಸವೆದ ಬೆಂಚು, ಉದ್ದನೆಯ ಮೇಜು, ನಡುವೆ ಬೋಧಕನ ಪೀಠ. ಚರ್ಚಿನಲ್ಲಿ ಎಲ್ಲರ ಕಣ್ಣು ಪೂರ್ವದ ಪೂಜಾಪೀಠದ ಕಡೆ. ಇಲ್ಲಿ ಎಲ್ಲರ ಕಿವಿ ಬೋಧಕನ ಕಡೆ. ಬೆಂಚಿನ ಅಂಚು ತೊಡೆಗೆ ಒತ್ತುತ್ತದೆ. ಎರಡು ಗಂಟೆಯ ಉಪದೇಶವನ್ನು ಇದರ ಮೇಲೆ ಕೂತು ಕೇಳಿದವರಿಗೆ ನನ್ನ ನಮಸ್ಕಾರ. ನಾನು ಹತ್ತು ನಿಮಿಷಕ್ಕೆ ಎದ್ದೆ.

ಹೊಸದೆಲ್ಲ ಹಾಳು ಅಂತ ನಾನು ಹೇಳುತ್ತಿಲ್ಲ. ಕೆಂಟ್‌ನ ಟ್ಯೂಡ್ಲಿಯ ಸಣ್ಣ ಚರ್ಚಿಗೆ ಹೋಗಿ ನೋಡಿ. ಹನ್ನೆರಡು ಕಿಟಕಿಗಳೂ ಚಿತ್ರಕಾರ ಮಾರ್ಕ್ ಶಗಾಲ್ ಮಾಡಿದವು. 1963ರಲ್ಲಿ ದೋಣಿ ಅಪಘಾತದಲ್ಲಿ ತೀರಿಕೊಂಡ ಇಪ್ಪತ್ತೊಂದರ ಹುಡುಗಿಯ ನೆನಪಿಗೆ ತಂದೆತಾಯಿ ಒಂದು ಕಿಟಕಿ ಮಾಡಿಸಿದರು. ಕಲಾವಿದನಿಗೆ ಜಾಗ ಇಷ್ಟವಾಗಿ ಎಲ್ಲವನ್ನೂ ಮಾಡಿದ. ದೊಡ್ಡ ಕಿಟಕಿಯ ಕೆಳಗೆ ನೀಲಿ ಅಲೆಗಳಲ್ಲಿ ಒಬ್ಬಳು ತೇಲುತ್ತಿದ್ದಾಳೆ. ಬಿಸಿಲು ಬಂದರೆ ಆ ನೀಲಿ ನೆಲದ ಮೇಲೆ, ಬೆಂಚಿನ ಮೇಲೆ, ನಿಮ್ಮ ಕೈಯ ಮೇಲೆ ಬೀಳುತ್ತದೆ. ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

ಸ್ವಲ್ಪ ಬೇಸರದ ಮಾತೂ ಇದೆ. ಇಂಗ್ಲೆಂಡಿನ ಅಧಿಕೃತ ಚರ್ಚಿನ ಕೈಯಲ್ಲಿ ಸುಮಾರು 16,000 ಕಟ್ಟಡಗಳಿವೆ, ಹೆಚ್ಚಿನವು ಹಳ್ಳಿಗಳಲ್ಲಿ. ಪ್ರತಿ ಚರ್ಚಿನ ರಿಪೇರಿ ಆಯಾ ಊರಿನ ಸಮಿತಿಯ ತಲೆಯ ಮೇಲೆ. ಭಾನುವಾರ ಹತ್ತು ಹನ್ನೆರಡು ಜನ ಬರುವ ಕಡೆ, ಅವರಲ್ಲಿ ಮುಕ್ಕಾಲು ಪಾಲು ಎಪ್ಪತ್ತು ದಾಟಿದವರಾದಾಗ, ಐನೂರು ವರ್ಷದ ಮಾಡನ್ನು ಯಾರು ಹೊರುತ್ತಾರೆ? ಮಾಡಿನ ಸೀಸದ ತಗಡನ್ನು ರಾತ್ರೋರಾತ್ರಿ ಕಳ್ಳರು ಸುತ್ತಿಕೊಂಡು ಹೋಗುತ್ತಾರೆ. ಮುಂದಿನ ಮಳೆ ಒಳಗೇ. ಬಾವಲಿಗಳು ಇನ್ನೊಂದು ತಲೆನೋವು. 1981ರ ವನ್ಯಜೀವಿ ಕಾಯ್ದೆ ಅವುಗಳ ಬೆನ್ನಿಗಿದೆ, ಓಡಿಸುವ ಹಾಗಿಲ್ಲ. ಅವುಗಳ ಉಚ್ಚೆ ಹಿತ್ತಾಳೆ ಫಲಕವನ್ನೂ ಅಮೃತಶಿಲೆಯನ್ನೂ ತಿನ್ನುತ್ತದೆ. ಒಂದು ಕಡೆ ಪೂಜಾಪೀಠಕ್ಕೆ ಪ್ಲಾಸ್ಟಿಕ್ ಹೊದಿಸಿಟ್ಟಿದ್ದರು. ಹೂವಿನ ಪಾತ್ರೆ ಇಡಲು ಬಂದ ಅಜ್ಜಿ, ಭಾನುವಾರ ಬೆಳಿಗ್ಗೆ ಒರೆಸಿದ ಮೇಲೇ ದೇವರು ಅಂದರು.

ಜನ ಬಿಟ್ಟ ಚರ್ಚುಗಳನ್ನು ನೋಡಿಕೊಳ್ಳಲು ಎರಡು ದೊಡ್ಡ ಸಂಸ್ಥೆಗಳಿವೆ. ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್‌ನ ಕೈಯಲ್ಲಿ 350ಕ್ಕೂ ಹೆಚ್ಚು. 1957ರಲ್ಲಿ ಶುರುವಾದ ಇನ್ನೊಂದರ ಹೆಸರೇ ಚೆನ್ನಾಗಿದೆ: ಫ್ರೆಂಡ್ಸ್ ಆಫ್ ಫ್ರೆಂಡ್‌ಲೆಸ್ ಚರ್ಚಸ್, ಅಂದರೆ ಗೆಳೆಯರಿಲ್ಲದ ಚರ್ಚುಗಳ ಗೆಳೆಯರು. ಇವರ ಚರ್ಚುಗಳು ಬಹಳಷ್ಟು ದಿನವಿಡೀ ತೆರೆದಿರುತ್ತವೆ. ಬೀಗ ಹಾಕಿದ ಚರ್ಚಿಗಿಂತ ತೆರೆದಿಟ್ಟ ಚರ್ಚೇ ಕ್ಷೇಮ, ಜನ ಬಂದು ಹೋಗುತ್ತಿದ್ದರೆ ಕಳ್ಳನಿಗೆ ಪುರುಸೊತ್ತು ಸಿಗುವುದಿಲ್ಲ ಅಂತ ಇದನ್ನು ನೋಡಿಕೊಳ್ಳುವವರು ಹೇಳುವುದನ್ನು ಕೇಳಿದ್ದೇನೆ.

ಎಲ್ಲರೂ ಹಾಗಿಲ್ಲ. ಒಂದು ಊರಿನಲ್ಲಿ, ಹೆಸರು ಬೇಡ, ನಾಲ್ಕು ಮೈಲಿ ನಡೆದು ಹೋಗಿದ್ದೆ. ಬಾಗಿಲಿಗೆ ಬೀಗ. ಕೀಲಿಗೆ ಈ ನಂಬರಿಗೆ ಫೋನ್ ಮಾಡಿ ಅಂತ ಚೀಟಿ. ಚೀಟಿ ನೆನೆದು ಕೊನೆಯ ಎರಡು ಅಂಕಿ ಹರಿದುಹೋಗಿದ್ದವು. ಊಹಿಸಿ ಎರಡು ಸಲ ಮಾಡಿದೆ, ಎರಡು ಸಲವೂ ಯಾರಿಗೋ ತೊಂದರೆ ಕೊಟ್ಟೆ. ಮಳೆ ಬೇರೆ. ಬಾಗಿಲ ಮುಂದಿನ ಜಗಲಿಯ ಕಲ್ಲು ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚಿದೆ. ಕೂತಲ್ಲೇ ಪಕ್ಕದ ಕಲ್ಲಿನ ಮೇಲೆ ಬೆರಳಾಡಿಸಿದೆ. ಎರಡು ಪಾದದ ಗುರುತು, ಗೆರೆ ಎಳೆದು ಕೊರೆದದ್ದು, ನಡುವೆ ಎರಡಕ್ಷರ. ಮಕ್ಕಳ ಪಾದದಷ್ಟು ಸಣ್ಣ ಬೂಟು. ಅವನೂ ಮಳೆ ನಿಲ್ಲಲಿ ಅಂತ ಕಾಯುತ್ತಿದ್ದನೋ ಏನೋ.

ಬಹಳ ಚರ್ಚುಗಳ ಹೊರಬಾಗಿಲಲ್ಲಿ ತಂತಿ ಬಲೆಯ ಇನ್ನೊಂದು ಬಾಗಿಲಿರುತ್ತದೆ. ಅದರ ಮೇಲೆ ಕೈಬರಹದ ಚೀಟಿ: ದಯವಿಟ್ಟು ಮುಚ್ಚಿ ಹೋಗಿ, ಹಕ್ಕಿಗಳು ಒಳಗೆ ಬಂದು ಸಿಕ್ಕಿಬೀಳುತ್ತವೆ. ಒಳಗೆ ಸೇರಿದ ಹಕ್ಕಿ ಬೆಳಕಿದ್ದ ಕಡೆ ಹಾರುತ್ತದೆ, ಕಿಟಕಿಗೆ ಬಡಿದುಕೊಳ್ಳುತ್ತದೆ, ನೀರಿಲ್ಲದೆ ಎರಡು ದಿನದಲ್ಲಿ ಸಾಯುತ್ತದೆ. ಹೋದ ಬೇಸಿಗೆಯಲ್ಲಿ ಒಂದು ಕಡೆ ಚರ್ಚು ನೋಡಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಗೆ ಎರಡು ಪೌಂಡ್ ಹಾಕಿ ಹೊರಟೆ. ಹೊಲದ ದಾರಿಯಲ್ಲಿ ಅರ್ಧ ಮೈಲಿ ನಡೆದ ಮೇಲೆ ಬಲೆ ಬಾಗಿಲು ಹಾಕಿದೆನಾ ಇಲ್ಲವಾ ಅಂತ ಅನುಮಾನ ಬಂತು. ಬೈದುಕೊಂಡು ವಾಪಸ್ ಬಂದೆ. ಬಾಗಿಲು ಮುಚ್ಚಿಯೇ ಇತ್ತು. ಬಂದದ್ದೇ ಬಂದೆ ಅಂತ ಮತ್ತೆ ಒಳಗೆ ಹೋದೆ. ಸಂಜೆಯ ಬಿಸಿಲು ಪಶ್ಚಿಮದ ಕಿಟಕಿಯಿಂದ ಓರೆಯಾಗಿ ಕಂಬಕ್ಕೆ ಬಿದ್ದಿತ್ತು. ಮಧ್ಯಾಹ್ನ ಟಾರ್ಚ್ ಹಿಡಿದು ಸುತ್ತಿದಾಗ ನನಗೆ ಕಾಣದೇ ಹೋದ ಒಂದು ಹಡಗು, ಹಾಯಿ ಹಗ್ಗ ಸಮೇತ, ಅಲ್ಲಿ ನಿಂತಿತ್ತು.